ಕಾರ್ಬೊರೇಟರ್ ಬಿಸಾಡುವ ಮೊದಲು ಸ್ಪಿಂಡಲ್ ಅಲ್ಲಾಡಿಸಿ ನೋಡಿ

ಬೆಂಗಳೂರಿಗೆ ಬಂದು ನೆಲೆಸಿದ ನಮ್ಮವರ ಮನೆಗಳ ಮುಂದೆ ಇವತ್ತಿಗೂ ಅಲ್ಲೊಂದು ಇಲ್ಲೊಂದು ಕೆಎ-19, ಕೆಎ-20, ಕೆಎ-21 ನಂಬರಿನ ಹಳೆಯ ಗಾಡಿ ನಿಂತಿರುತ್ತದೆ. ಹೆಚ್ಚಾಗಿ ಮಾರುತಿ 800 ಅಥವಾ ಓಮ್ನಿ. ಅಪರೂಪಕ್ಕೆ ಪ್ರೀಮಿಯರ್ ಪದ್ಮಿನಿ, ಇನ್ನೂ ಅಪರೂಪಕ್ಕೆ ಪೆಟ್ರೋಲ್ ಅಂಬಾಸಿಡರ್. ಬಾಪ ದುಡಿದು ತೆಗೆದ ಮೊದಲ ಕಾರು, ಮದುವೆ ದಿಬ್ಬಣಕ್ಕೆ ಹೋದ ಕಾರು, ಆಸ್ಪತ್ರೆಗೆ ಓಡಿದ ಕಾರು. ಮಾರಿದರೆ ಸಿಗುವುದು ಗುಜರಿ ತೂಕದ ಹಣ. ಇಟ್ಟುಕೊಂಡರೆ ಖರ್ಚು. ಹೀಗೆ ಎರಡು ಮನಸ್ಸಿನಲ್ಲಿ ನಿಂತ ಕಾರುಗಳು ಎಷ್ಟೋ.

ಇಂಥ ಕಾರುಗಳ ಕಾಯಿಲೆ ಹೆಚ್ಚುಕಡಿಮೆ ಒಂದೇ ರೀತಿ ಶುರುವಾಗುತ್ತದೆ. ಹೆದ್ದಾರಿಯಲ್ಲಿ ಚೆನ್ನಾಗಿ ಓಡುತ್ತದೆ. ಹಲಸೂರಿನ ಸಿಗ್ನಲ್‌ನಲ್ಲಿ ನಿಂತರೆ ಮಾತ್ರ ಇಂಜಿನ್ ನಡುಗಿ ನಡುಗಿ ಆಫ್ ಆಗುತ್ತದೆ. ಆಫ್ ಆಗದಿರಲಿ ಎಂದು ಸ್ಕ್ರೂ ತಿರುಗಿಸಿ ರೇಸ್ ಜಾಸ್ತಿ ಮಾಡಿದರೆ ಸುಮ್ಮನೆ ಕಿರುಚುತ್ತದೆ, ಪೆಟ್ರೋಲ್ ಕುಡಿಯುತ್ತದೆ. ಗ್ಯಾರೇಜಿಗೆ ಒಯ್ದರೆ ಉತ್ತರ ಸಿದ್ಧ: "ಭಾಯ್, ಕಾರ್ಬೊರೇಟರ್ ಹೋಗಿದೆ. ಒರಿಜಿನಲ್ ಈಗ ಸಿಗಲ್ಲ. ಡೂಪ್ಲಿಕೇಟ್ ಹಾಕ್ಬಿಡೋಣ."

ಈ ಮಾತಿಗೆ ತಲೆಯಾಡಿಸುವ ಮೊದಲು ಒಂದು ವಿಷಯ ತಿಳಿದಿರಲಿ. ಕಾರ್ಬೊರೇಟರ್ ಇಡಿಯಾಗಿ 'ಹೋಗುವುದು' ಬಹಳ ಕಡಿಮೆ. ಸವೆಯುವುದು ಅದರೊಳಗಿನ ಮೂರು ನಾಲ್ಕು ಜಾಗ ಮಾತ್ರ. ಆ ಜಾಗಗಳನ್ನು ಹೊಸದು ಮಾಡಬಹುದು. ಅದನ್ನು ಮಾಡುವ ಕೈಗಳು ಈ ಊರಿನಲ್ಲಿ ಇನ್ನೂ ಉಂಟು. ಆದರೆ ಕಡಿಮೆಯಾಗುತ್ತಾ ಇವೆ.

ಒಳಗೆ ನಡೆಯುವುದೇನು?

ಪೆಟ್ರೋಲ್ ದ್ರವವಾಗಿ ಸರಿಯಾಗಿ ಉರಿಯುವುದಿಲ್ಲ. ಅದು ಗಾಳಿಯಲ್ಲಿ ಮಂಜಿನಂತೆ ಬೆರೆಯಬೇಕು, ಅದೂ ಲೆಕ್ಕದಲ್ಲಿ. ಒಂದು ಗ್ರಾಂ ಶುದ್ಧ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ. ಪೆಟ್ರೋಲ್ ಹೆಚ್ಚಾದರೆ 'ರಿಚ್', ಕರಿ ಹೊಗೆ. ಗಾಳಿ ಹೆಚ್ಚಾದರೆ 'ಲೀನ್', ಇಂಜಿನ್ ಬಿಸಿ, ಪಿಕಪ್ ಇಲ್ಲ. ಈಗಿನ ಕಾರುಗಳಲ್ಲಿ ಈ ಲೆಕ್ಕವನ್ನು ಸೆನ್ಸರ್ ಮತ್ತು ಕಂಪ್ಯೂಟರ್ ಮಾಡುತ್ತವೆ. ಹಳೆಯ ಕಾರಿನಲ್ಲಿ ಒಂದು ತಂತಿಯ ಸಹಾಯವೂ ಇಲ್ಲದೆ ಕಾರ್ಬೊರೇಟರ್ ಮಾಡುತ್ತಿತ್ತು.

ಅದರ ಗುಟ್ಟು ಸರಳ. ಅಗಲದ ಕೊಳವೆಯ ನಡುವೆ ಒಂದು ಇಕ್ಕಟ್ಟಾದ ಕುತ್ತಿಗೆ. ಇಕ್ಕಟ್ಟಿನಲ್ಲಿ ಗಾಳಿ ವೇಗವಾಗಿ ನುಗ್ಗುತ್ತದೆ, ಅಲ್ಲಿ ಒತ್ತಡ ಕಡಿಮೆಯಾಗುತ್ತದೆ. ಆ ಒತ್ತಡದ ವ್ಯತ್ಯಾಸವೇ ಪಕ್ಕದ ಪುಟ್ಟ ತೊಟ್ಟಿಯಿಂದ ಪೆಟ್ರೋಲನ್ನು ಮೇಲಕ್ಕೆಳೆದು ಗಾಳಿಗೆ ಚಿಮುಕಿಸುತ್ತದೆ. ತೊಟ್ಟಿಯಲ್ಲಿ ಒಂದು ಫ್ಲೋಟ್, ಮನೆಯ ಟ್ಯಾಂಕಿನ ಬಾಲ್ ವಾಲ್ವ್ ಇದ್ದಂತೆಯೇ. ಪೆಟ್ರೋಲ್ ತುಂಬಿದಾಗ ಅದು ಮೇಲೆ ಬಂದು ನೀಡಲ್ ವಾಲ್ವ್ ಮುಚ್ಚುತ್ತದೆ. ಪೆಟ್ರೋಲ್ ಎಷ್ಟು ಹೋಗಬೇಕು ಎನ್ನುವುದನ್ನು ಹಿತ್ತಾಳೆಯ ಜೆಟ್‌ನ ತೂತು ನಿರ್ಧರಿಸುತ್ತದೆ. ಸೋಲೆಕ್ಸ್ ಜೆಟ್‌ನ ಮೇಲೆ 110 ಎಂದು ಕೊರೆದಿದ್ದರೆ ತೂತಿನ ಅಗಲ 1.10 ಮಿಲಿಮೀಟರ್. ಒಂದು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಇಂಜಿನ್‌ಗೆ ಗೊತ್ತಾಗುತ್ತದೆ.

ಇಂಜಿನ್‌ಗೆ ಎಷ್ಟು ಮಿಶ್ರಣ ಹೋಗಬೇಕು ಎನ್ನುವುದನ್ನು ನಿಮ್ಮ ಕಾಲು ಹೇಳುತ್ತದೆ. ಆಕ್ಸಿಲರೇಟರ್ ತುಳಿದರೆ ಕೇಬಲ್ ಒಂದು ಸಣ್ಣ ಸರಳನ್ನು ತಿರುಗಿಸುತ್ತದೆ. ಅದೇ ಸ್ಪಿಂಡಲ್. ಅದಕ್ಕೆ ಎರಡು ಪುಟ್ಟ ಸ್ಕ್ರೂಗಳಲ್ಲಿ ಕೂರಿಸಿದ ದುಂಡನೆಯ ತಗಡಿಗೆ ಗ್ಯಾರೇಜಿನಲ್ಲಿ 'ಬಟರ್‌ಫ್ಲೈ' ಎನ್ನುತ್ತಾರೆ. ಅದು ಬಾಗಿಲಿನಂತೆ ತೆರೆಯುತ್ತದೆ, ಮುಚ್ಚುತ್ತದೆ.

ಹೆಸರುಗಳ ಬಗ್ಗೆ ಒಂದು ಮಾತು. ಪದ್ಮಿನಿಯಲ್ಲಿ ಫ್ರೆಂಚ್ ಮೂಲದ ಸೋಲೆಕ್ಸ್ ಮಾದರಿ, ಮಾರುತಿಯಲ್ಲಿ ಜಪಾನಿನ ಮಿಕುನಿ ಮಾದರಿ, ಹಳೆಯ ಪೆಟ್ರೋಲ್ ಅಂಬಾಸಿಡರ್‌ನಲ್ಲಿ ಇಂಗ್ಲಿಷ್ ಮೂಲದ ಎಸ್‌ಯು. ಈ ಎಸ್‌ಯು ಎಂದರೆ 'ಸ್ಕಿನ್ನರ್ಸ್ ಯೂನಿಯನ್'. ಅದನ್ನು ಕಟ್ಟಿದ ಸ್ಕಿನ್ನರ್ ಸಹೋದರರು ಲಂಡನ್ನಿನ ಚಪ್ಪಲಿ ವ್ಯಾಪಾರಿ ಮನೆತನದವರು. ಅವರ ಮೊದಲ ಕಾರ್ಬೊರೇಟರ್‌ನೊಳಗೆ ತೊಗಲಿನ ತಿದಿ ಇತ್ತು. ಗೊತ್ತಿದ್ದ ಕಸುಬಿನ ಸಾಮಾನನ್ನೇ ಹೊಸ ಯಂತ್ರಕ್ಕೆ ಹಾಕಿದ್ದರು.

ಸಿಗ್ನಲ್‌ನಲ್ಲೇ ಯಾಕೆ ಆಫ್ ಆಗುತ್ತದೆ?

ಕಾರ್ಬೊರೇಟರ್‌ನ ಬಾಡಿ ಮೆತ್ತನೆಯ ಮಿಶ್ರಲೋಹದ ಎರಕ. ಸ್ಪಿಂಡಲ್ ಅದಕ್ಕಿಂತ ಗಟ್ಟಿ. ರಿಟರ್ನ್ ಸ್ಪ್ರಿಂಗ್ ಆ ಸ್ಪಿಂಡಲ್ಲನ್ನು ವರ್ಷಗಟ್ಟಲೆ ಒಂದೇ ಕಡೆಗೆ ಎಳೆಯುತ್ತಾ ಇರುತ್ತದೆ. ನಡುವೆ ರಸ್ತೆಯ ಧೂಳು ಸೇರಿ ಅರದಂತೆ ಉಜ್ಜುತ್ತದೆ. ಇಪ್ಪತ್ತೈದು ಮೂವತ್ತು ವರ್ಷದಲ್ಲಿ ದುಂಡಗಿದ್ದ ತೂತು ಮೊಟ್ಟೆಯಾಕಾರ ಆಗುತ್ತದೆ. ಆ ಸಂದಿಯಿಂದ ಗಾಳಿ ಒಳಗೆ ನುಸುಳುತ್ತದೆ. ಮೆಕ್ಯಾನಿಕ್‌ಗಳ ಭಾಷೆಯಲ್ಲಿ 'ಏರ್ ಎಳೀತಾ ಇದೆ'.

ಹೆದ್ದಾರಿಯಲ್ಲಿ ಬಟರ್‌ಫ್ಲೈ ಅಗಲವಾಗಿ ತೆರೆದಿರುತ್ತದೆ, ಇಂಜಿನ್ ಬೇಕಾದಷ್ಟು ಗಾಳಿ ಎಳೆಯುತ್ತಿರುತ್ತದೆ. ಸಂದಿಯಿಂದ ಬರುವ ಗಾಳಿ ಅದರಲ್ಲಿ ಲೆಕ್ಕಕ್ಕೇ ಇಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಬಟರ್‌ಫ್ಲೈ ಹೆಚ್ಚುಕಡಿಮೆ ಪೂರ್ತಿ ಮುಚ್ಚಿರುತ್ತದೆ. ಆಗ ಅದರ ಕೆಳಗೆ ಎಳೆತ ಅತಿ ಜೋರು, ಇಂಜಿನ್‌ಗೆ ಬೇಕಾದ ಗಾಳಿ ಅತಿ ಕಡಿಮೆ. ಹಾಗಾಗಿ ಸಣ್ಣ ಸಂದಿಯೂ ದೊಡ್ಡ ಪಾಲು ಗಾಳಿ ಕೊಡುತ್ತದೆ. ಮಿಶ್ರಣ ತೆಳುವಾಗಿ ಇಂಜಿನ್ ನಿಲ್ಲುತ್ತದೆ. ಗ್ಯಾರೇಜಿನಲ್ಲಿ ಎಷ್ಟು ಸಲ 'ಟ್ಯೂನಿಂಗ್' ಮಾಡಿಸಿದರೂ ಎರಡು ದಿನಕ್ಕೆ ಮತ್ತೆ ಅದೇ ಕತೆಯಾಗುವುದಕ್ಕೆ ಕಾರಣ ಇದು. ಸ್ಕ್ರೂ ತಿರುಗಿಸಿದರೆ ಪೆಟ್ರೋಲ್ ಹೆಚ್ಚಾಗುತ್ತದೆಯೇ ಹೊರತು ಸಂದಿ ಮುಚ್ಚುವುದಿಲ್ಲ.

ಇನ್ನೊಂದು ನಷ್ಟ ಕಣ್ಣಿಗೆ ಕಾಣುವುದಿಲ್ಲ. ಈ ಕಳ್ಳಗಾಳಿ ಏರ್ ಫಿಲ್ಟರ್ ದಾಟಿ ಬಂದದ್ದಲ್ಲ. ಅದರ ಜೊತೆ ಧೂಳೂ ನೇರ ಸಿಲಿಂಡರಿಗೆ ಹೋಗಿ ಪಿಸ್ಟನ್ ರಿಂಗುಗಳನ್ನು ತಿನ್ನುತ್ತದೆ. ಸಣ್ಣ ಕೆಲಸ ಮುಂದೂಡಿದರೆ ದೊಡ್ಡ ಕೆಲಸಕ್ಕೆ ದಾರಿ.

ಪರೀಕ್ಷೆ ಮನೆಯಲ್ಲೇ ಮಾಡಬಹುದು. ಇಂಜಿನ್ ತಣ್ಣಗಿರುವಾಗ ಏರ್ ಫಿಲ್ಟರ್ ತೆಗೆದು, ಆಕ್ಸಿಲರೇಟರ್ ಕೇಬಲ್ ಸಿಕ್ಕಿಸಿದ ಕಡೆ ಸ್ಪಿಂಡಲ್‌ನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ತಿರುಗುವುದು ಬೇರೆ, ಅಲ್ಲಾಡುವುದು ಬೇರೆ. ಕೈಗೆ 'ಟಕ್ ಟಕ್' ಎಂದು ಆಟ ಸಿಕ್ಕಿದರೆ ಸವೆತ ಉಂಟು ಎಂದೇ ಲೆಕ್ಕ. ಸ್ಪ್ರೇ ಹಾಕಿ ನೋಡುವ ಕ್ರಮವೂ ಇದೆ. ಆದರೆ ಓಡುತ್ತಿರುವ ಇಂಜಿನ್ ಮೇಲೆ ಉರಿಯುವ ಸ್ಪ್ರೇ ಹೊಡೆಯುವುದು ಮನೆಯಂಗಳದ ಕೆಲಸವಲ್ಲ. ಅದನ್ನು ಮೆಕ್ಯಾನಿಕ್ಕಿಗೆ ಬಿಡಿ.

ಎರಡನೆಯ ಸವೆತ ನೀಡಲ್ ವಾಲ್ವಿನದ್ದು. ನೀಡಲ್‌ನ ಮೊನೆಯಲ್ಲಿ ಸುತ್ತ ಒಂದು ಗೆರೆ ಬಿದ್ದಿದ್ದರೆ ಅದು ಸರಿಯಾಗಿ ಮುಚ್ಚುವುದಿಲ್ಲ, ಪೆಟ್ರೋಲ್ ಉಕ್ಕುತ್ತದೆ. ಮೂರನೆಯದು ಆಕ್ಸಿಲರೇಟರ್ ಪಂಪಿನ ಡಯಾಫ್ರಂ. ಅದು ಒಣಗಿ ಹರಿದಿದ್ದರೆ ತುಳಿದ ಕೂಡಲೇ ಗಾಡಿ ಒಮ್ಮೆ ಮುಗ್ಗರಿಸಿ ಆಮೇಲೆ ಓಡುತ್ತದೆ. ನಾಲ್ಕನೆಯದು ಬುಡದ ಚಪ್ಪಟೆ ಮುಖ. ಪ್ಯಾಕಿಂಗ್ ಸೋರುತ್ತದೆ ಎಂದು ನಟ್‌ಗಳನ್ನು ಬಿಗಿದು ಬಿಗಿದು ಅದು ಬಾಗಿರುತ್ತದೆ.

ಶಿವಾಜಿನಗರದ ಗುಜರಿ ಮತ್ತು ಉಸ್ತಾದರು

ಗುಜರಿ ವ್ಯಾಪಾರ ನಮ್ಮವರಿಗೆ ಹೊಸತಲ್ಲ. ಊರಿನಲ್ಲಿ ಮನೆಮನೆ ತಿರುಗಿ ಹಳೇ ಕಬ್ಬಿಣ ಒಟ್ಟು ಮಾಡಿ ಬದುಕು ಕಟ್ಟಿಕೊಂಡವರು ನಮ್ಮಲ್ಲಿ ಬೇಕಾದಷ್ಟು ಜನ. ಹಾಗಾಗಿ ಶಿವಾಜಿನಗರದ ಗುಜರಿ ಓಣಿಗಳಿಗೆ ಕಾಲಿಟ್ಟರೆ ಅಪರಿಚಿತ ಅನ್ನಿಸುವುದಿಲ್ಲ. ಬ್ರಿಟಿಷರು 1809ರಲ್ಲಿ ಕಟ್ಟಿದ ದಂಡುಪ್ರದೇಶದ ಬಜಾರು ಇದು. ಹಿಂದೆ ಬ್ಲ್ಯಾಕ್‌ಪಲ್ಲಿ ಎಂಬ ಹೆಸರಿತ್ತು. ದಂಡು 1949ರಲ್ಲಿ ಬೆಂಗಳೂರು ನಗರದ ಜೊತೆ ಒಂದಾಯಿತು. ರಸೆಲ್ ಮಾರ್ಕೆಟ್ಟಿನ ಸುತ್ತಲಿನ ಓಣಿಗಳಲ್ಲಿ ಇವತ್ತಿಗೂ ಒಂದು ಅಂಗಡಿಯಲ್ಲಿ ಬರೀ ಬಾಗಿಲು, ಇನ್ನೊಂದರಲ್ಲಿ ಬರೀ ಗೇರ್‌ಬಾಕ್ಸ್, ಮತ್ತೊಂದರಲ್ಲಿ ರಾಶಿ ಹಾಕಿದ ಹೆಡ್‌ಲೈಟ್ ಕಾಣಬಹುದು. ಹೊಸ ಸಾಮಾನಿಗೆ ಜೆ.ಸಿ. ರಸ್ತೆ, ಹಳೆ ಸಾಮಾನಿಗೆ ಶಿವಾಜಿನಗರ ಎನ್ನುವುದು ಬೆಂಗಳೂರಿನ ಮೆಕ್ಯಾನಿಕ್‌ಗಳ ಹಳೇ ಲೆಕ್ಕ.

ಕಾರ್ಬೊರೇಟರ್ ರಿಪೇರಿ ಮಾಡಿಸುವವರಿಗೆ ಈ ಗುಜರಿಯ ಉಪಯೋಗ ಬೇರೆ ರೀತಿಯದ್ದು. ಇಡೀ ಹಳೆಯ ಕಾರ್ಬೊರೇಟರ್ ತಂದು ಹಾಕಿದರೆ ಅದೂ ನಿಮ್ಮದರಷ್ಟೇ ಸವೆದಿರುತ್ತದೆ. ಅದರ ಬದಲು ಒಳ್ಳೆಯ ಮುಚ್ಚಳ, ಮುರಿಯದ ಲಿವರ್, ಒರಿಜಿನಲ್ ಜೆಟ್ ಇಂಥ ಬಿಡಿಭಾಗಗಳಿಗಾಗಿ ಹುಡುಕಬೇಕು. ಜೆಟ್ ಕೊಳ್ಳುವಾಗ ಅದರ ಮೇಲಿನ ನಂಬರ್ ನಿಮ್ಮದಕ್ಕೆ ಸರಿಹೊಂದುತ್ತದೆಯೇ ನೋಡಿ. ಯಾವ ಸಾಮಾನಾದರೂ ಬಿಲ್ ಕೇಳಿ. ಕದ್ದ ಮಾಲು ಕೈಗೆ ಬಂದರೆ ತಾಪತ್ರಯ ಕೊಂಡವನಿಗೂ ತಪ್ಪದು.

ಇಲ್ಲಿನ ಕೆಲಸ ಕಾಲೇಜಿನಲ್ಲಿ ಕಲಿತದ್ದಲ್ಲ, ಉಸ್ತಾದರ ಪಕ್ಕದಲ್ಲಿ ಸ್ಟೂಲ್ ಹಾಕಿ ಕೂತು ಕಲಿತದ್ದು. ಒಳ್ಳೆಯ ಉಸ್ತಾದ್ ಮೊದಲು ಸ್ಪ್ಯಾನರ್ ಹಿಡಿಯುವುದಿಲ್ಲ, ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡುತ್ತಾರೆ. ಪ್ಲಗ್‌ನ ತುದಿ ಕಂದು ಬಣ್ಣದ್ದಾದರೆ ಸರಿ, ಮಸಿಯಂತೆ ಕಪ್ಪಾದರೆ ಪೆಟ್ರೋಲ್ ಹೆಚ್ಚು, ಸುಣ್ಣದಂತೆ ಬಿಳಿಯಾದರೆ ಗಾಳಿ ಹೆಚ್ಚು. ಆಮೇಲೆ ಪಾಯಿಂಟ್ ಗ್ಯಾಪ್, ಟೈಮಿಂಗ್, ಟ್ಯಾಪೆಟ್ ನೋಡುತ್ತಾರೆ. ಕಾರ್ಬೊರೇಟರ್ ಮೇಲೆ ಹೊರಿಸುವ ಎಷ್ಟೋ ತಪ್ಪು ನಿಜಕ್ಕೂ ಕರೆಂಟಿನದ್ದು. ಅದನ್ನೆಲ್ಲ ನೋಡದೆ ನೇರ ಕಾರ್ಬೊರೇಟರ್ ಬಿಚ್ಚಲು ಹೋಗುವವರ ಹತ್ತಿರ ಎರಡು ಮಾತು ಕೇಳಿ ಆಮೇಲೆ ಗಾಡಿ ಬಿಡುವುದು ಒಳ್ಳೆಯದು.

ಕೆಲಸ ಹೇಗೆ ನಡೆಯಬೇಕು?

ನೀವು ಸ್ವತಃ ಮಾಡದಿದ್ದರೂ ಯಾವ ಕ್ರಮದಲ್ಲಿ ಆಗಬೇಕು ಎಂದು ಗೊತ್ತಿದ್ದರೆ ಮೋಸ ಹೋಗುವುದು ಕಡಿಮೆ.

ಮೊದಲು ಬ್ಯಾಟರಿ ವಯರ್ ಬಿಚ್ಚಬೇಕು. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆಯಬೇಕು. ಮಿಕ್ಸ್ಚರ್ ಸ್ಕ್ರೂ ತೆಗೆಯುವ ಮೊದಲು ಅದನ್ನು ನಿಧಾನವಾಗಿ ಒಳಕ್ಕೆ ತಿರುಗಿಸಿ, ಎಷ್ಟು ಸುತ್ತಿಗೆ ತಾಗಿತು ಎಂದು ಬರೆದಿಟ್ಟುಕೊಳ್ಳಬೇಕು. ಬಟರ್‌ಫ್ಲೈ ಯಾವ ಮುಖ ಮೇಲೆ, ಯಾವ ಅಂಚು ಯಾವ ಕಡೆ ಎಂದು ಗುರುತು ಹಾಕಬೇಕು. ಅದರ ಅಂಚು ಓರೆಯಾಗಿ ಕತ್ತರಿಸಿದ್ದು, ತಿರುಗಿಸಿ ಹಾಕಿದರೆ ಪೂರ್ತಿ ಮುಚ್ಚುವುದಿಲ್ಲ.

ಬಟರ್‌ಫ್ಲೈಯ ಎರಡು ಸ್ಕ್ರೂಗಳ ತುದಿಯನ್ನು ಕಂಪನಿಯಲ್ಲೇ ಜಜ್ಜಿರುತ್ತಾರೆ, ಕಳಚಿ ಇಂಜಿನ್ನೊಳಗೆ ಬೀಳದಿರಲಿ ಎಂದು. ಆ ಜಜ್ಜಿದ ತುದಿಯನ್ನು ಅರದಿಂದ ಉಜ್ಜದೆ ತಿರುಪಿದರೆ ಸ್ಪಿಂಡಲ್‌ನ ಮರೆ ಕಿತ್ತುಬರುತ್ತದೆ. ಜೋಡಿಸುವಾಗ ಹೊಸ ಸ್ಕ್ರೂ ಹಾಕಿ ಮತ್ತೆ ಜಜ್ಜಲೇಬೇಕು. ಈ ಒಂದು ಕೆಲಸದಲ್ಲಿ ಉದಾಸೀನ ಮಾಡಿದರೆ, ಕಳಚಿದ ಸ್ಕ್ರೂ ಸಿಲಿಂಡರಿಗೆ ಬಿದ್ದು ಇಂಜಿನ್ ಹಾಳಾಗುತ್ತದೆ.

ಆಮೇಲೆ ಬುಷ್ ಹಾಕುವ ಕೆಲಸ. ಇದು ಗ್ಯಾರೇಜಿನದ್ದಲ್ಲ, ಲೇತ್ ಅಂಗಡಿಯದ್ದು. ಮೊಟ್ಟೆಯಾಕಾರ ಆದ ಎರಡೂ ತೂತುಗಳನ್ನು ಒಂದೇ ನೇರಕ್ಕೆ ಸ್ವಲ್ಪ ದೊಡ್ಡದು ಮಾಡಿ, ಬಿಗಿಯಾಗಿ ಕೂರುವ ಹಿತ್ತಾಳೆ ಅಥವಾ ಕಂಚಿನ ಬುಷ್ ಒತ್ತಿ, ಒಳಗಿನಿಂದ ಸ್ಪಿಂಡಲ್ ಅಳತೆಗೆ ರೀಮರ್ ಹಾಕುತ್ತಾರೆ. ಒಂದೊಂದು ಬದಿಯನ್ನು ಬೇರೆ ಬೇರೆಯಾಗಿ ಕೊರೆದರೆ ನೇರ ತಪ್ಪಿ ಸ್ಪಿಂಡಲ್ ಬಿಗಿದುಕೊಳ್ಳುತ್ತದೆ. ಆಕ್ಸಿಲರೇಟರ್ ಒತ್ತಿದ್ದು ವಾಪಸ್ ಬರದಿದ್ದರೆ ಅಪಘಾತವೇ. ಬುಷ್‌ನ ತುದಿ ಕೊಳವೆಯೊಳಗೆ ಹೊರಚಾಚಬಾರದು, ಪಕ್ಕದ ಸೂಜಿಮೊನೆಯಷ್ಟು ತೂತುಗಳನ್ನು ಮುಚ್ಚಬಾರದು. ಸ್ಪಿಂಡಲ್ ಸವೆದಿದ್ದರೆ ಹೊಸತು ತಿರುಗಿಸಿ ಕೊಡಲು ಹೇಳಿ. ಹಳೇ ಸ್ಪಿಂಡಲ್ಲಿಗೆ ಹೊಸ ಬುಷ್ ಹಾಕಿದರೆ ಅರ್ಧ ಕೆಲಸ ಮಾಡಿದಂತೆ.

ಜೋಡಿಸಿದ ಮೇಲೆ ಬಟರ್‌ಫ್ಲೈ ಮುಚ್ಚಿ ಬೆಳಕಿಗೆ ಹಿಡಿದು ನೋಡಿ. ಸುತ್ತಲೂ ಒಂದೇ ಸಮನಾದ ತೆಳುಗೆರೆ ಕಂಡರೆ ಸರಿ. ಒಂದು ಬದಿಯಲ್ಲಿ ಚಂದ್ರನ ಗೀಟಿನಂತೆ ಬೆಳಕು ಬಂದರೆ ಮತ್ತೆ ಸಡಿಲಿಸಿ ಕೂರಿಸಬೇಕು.

ತೊಳೆಯುವಾಗ ಎರಡು ಎಚ್ಚರ. ಜೆಟ್‌ಗೆ ತಂತಿ ಚುಚ್ಚಬಾರದು. ಹಿತ್ತಾಳೆ ಮೆತ್ತಗೆ, ತಂತಿ ಗಟ್ಟಿ, ಒಂದು ಚುಚ್ಚಿಗೆ ಅಳತೆ ಕೆಡುತ್ತದೆ. ಕ್ಲೀನರ್ ಹಾಕಿ ಕಂಪ್ರೆಸರ್ ಗಾಳಿಯಲ್ಲಿ ಊದಿದರೆ ಸಾಕು. ರಬ್ಬರ್, ಡಯಾಫ್ರಂಗಳನ್ನು ಕ್ಲೀನರ್‌ನಲ್ಲಿ ಮುಳುಗಿಸಬಾರದು. ಹಿತ್ತಾಳೆಯ ಫ್ಲೋಟ್ ಇದ್ದರೆ ಬಿಸಿನೀರಲ್ಲಿ ಅದ್ದಿ ನೋಡಿ, ಗುಳ್ಳೆ ಬಂದರೆ ತೂತು ಉಂಟು. ಬಾಗಿದ ಬುಡವನ್ನು ದಪ್ಪ ಗಾಜಿನ ಮೇಲೆ ಎಮರಿ ಕಾಗದ ಹಾಸಿ ಉಜ್ಜಿ ಸಮ ಮಾಡುತ್ತಾರೆ. ಬುಡದ ಕೆಳಗಿರುವ ದಪ್ಪ ಬೇಕಲೈಟ್ ಪ್ಯಾಕಿಂಗ್ ಇಂಜಿನ್ನಿನ ಶಾಖ ಮೇಲೇರದಂತೆ ತಡೆಯುವಂಥದ್ದು. ಅದನ್ನು ತೆಗೆದು ಕಾಗದದ ಪ್ಯಾಕಿಂಗ್ ಹಾಕಲು ಬಿಡಬೇಡಿ.

ಕೆಲಸ ಮುಗಿದ ಮೇಲೆ ಬಿಚ್ಚಿದ ಹಳೇ ಸಾಮಾನನ್ನೆಲ್ಲ ವಾಪಸ್ ಕೇಳಿ. ಒಳ್ಳೆಯ ಕೆಲಸಗಾರರು ಕೇಳುವ ಮೊದಲೇ ಕೊಡುತ್ತಾರೆ.

ಒಂದು ವಿಷಯದಲ್ಲಿ ಮುಲಾಜು ಬೇಡ. ಈ ಕೆಲಸವನ್ನು ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್‌ನಲ್ಲಿ ಮಾಡಿಸಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದಲ್ಲಿ ಹರಡಿ ನಿಲ್ಲುತ್ತದೆ. ಎಲ್ಲೋ ಒಂದು ಸ್ವಿಚ್ಚಿನ ಕಿಡಿ ಸಾಕು.

ಎರಡು ಊರು, ಎರಡು ಗಾಳಿ

ನಮ್ಮವರ ಕಾರುಗಳಿಗೆ ಇನ್ನೊಂದು ತೊಂದರೆ ಉಂಟು. ಅವು ಎರಡು ಊರಿನ ನಡುವೆ ಓಡುತ್ತವೆ. ಮಂಗಳೂರು ಇರುವುದು ಸಮುದ್ರದ ಮಟ್ಟದಲ್ಲಿ, ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿ. ಇಲ್ಲಿ ಗಾಳಿಯ ಒತ್ತಡ ಅಲ್ಲಿಗಿಂತ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ಕಡಿಮೆ. ಕಂಪ್ಯೂಟರ್ ಇರುವ ಕಾರು ಅದನ್ನು ತಾನೇ ಸರಿ ಮಾಡಿಕೊಳ್ಳುತ್ತದೆ. ಕಾರ್ಬೊರೇಟರ್‌ಗೆ ಅದು ಗೊತ್ತಾಗುವುದಿಲ್ಲ. ಮಂಗಳೂರಲ್ಲಿ ಸರಿಯಾಗಿ ಹೊಂದಿಸಿದ ಕಾರ್ಬೊರೇಟರ್ ಇಲ್ಲಿಗೆ ಬಂದಾಗ ಮಿಶ್ರಣ ಸುಮಾರು ಶೇ. 5ರಷ್ಟು ರಿಚ್ ಆಗುತ್ತದೆ. ಇಲ್ಲಿ ಹೊಂದಿಸಿಕೊಂಡು ಊರಿಗಿಳಿದರೆ ಅಷ್ಟೇ ಲೀನ್ ಆಗುತ್ತದೆ.

ಹೊಸ ಕಾರ್ಬೊರೇಟರ್‌ನಲ್ಲಿ ಈ ಶೇ. 5 ಹೇಗೋ ನಡೆದುಹೋಗುತ್ತಿತ್ತು. ಸವೆದದ್ದರಲ್ಲಿ ಕಳ್ಳಗಾಳಿಯೂ ಸೇರಿಕೊಳ್ಳುವುದರಿಂದ ನಡೆಯುವುದಿಲ್ಲ. ಬೆಂಗಳೂರಿನಿಂದ ಸಕಲೇಶಪುರದವರೆಗೆ ಎತ್ತರ ಬಹಳ ಬದಲಾಗುವುದಿಲ್ಲ, ಗಾಡಿ ಸುಮ್ಮನೆ ಹೋಗುತ್ತದೆ. ಶಿರಾಡಿ ಘಾಟಿ ಇಳಿದು ಗುಂಡ್ಯ ದಾಟಿದ ಮೇಲೆ ಪಿಕಪ್ ಇಲ್ಲ, ಸ್ಲೋ ನಿಲ್ಲುವುದಿಲ್ಲ ಎಂಬ ದೂರು ಶುರು. "ಬೆಂಗಳೂರಲ್ಲಿ ಸರಿ ಇತ್ತು ಮಾರಾಯ್ರೆ, ಊರಿಗೆ ಬಂದ ಕೂಡಲೇ ಎಂತದೋ ಆಯ್ತು" ಎನ್ನುವ ಮಾತಿನ ಹಿಂದಿರುವುದು ಈ ಲೆಕ್ಕ. ವರ್ಷದಲ್ಲಿ ಹೆಚ್ಚು ದಿನ ಗಾಡಿ ಎಲ್ಲಿ ಓಡುತ್ತದೋ ಆ ಊರಿನಲ್ಲೇ, ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಟ್ಯೂನಿಂಗ್ ಮಾಡಿಸುವುದು ಸರಿ.

ಬೇಸಿಗೆಯಲ್ಲಿ ವಾಪಸ್ ಘಾಟಿ ಹತ್ತುವಾಗ ನಿಂತುಹೋಗುವುದು ಬೇರೆ ಕಾಯಿಲೆ. ಅಲ್ಲಿ ಶಾಖಕ್ಕೆ ಪೆಟ್ರೋಲ್ ಪಂಪಿನೊಳಗೇ ಕುದಿದು ಆವಿಯಾಗಿರುತ್ತದೆ. ಹಳೇ ಡ್ರೈವರ್‌ಗಳು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕಾಯುತ್ತಿದ್ದದ್ದು ಇದಕ್ಕೇ. ಅದಕ್ಕೂ ಕಾರ್ಬೊರೇಟರ್‌ನ ತಪ್ಪು ಎಂದು ಬಿಚ್ಚಿಸಬೇಡಿ.

ಇ20 ತಂದ ಹೊಸ ಲೆಕ್ಕ

ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್ ದೇಶದಲ್ಲಿ ಬಿಡುಗಡೆಯಾದದ್ದು 2023ರ ಫೆಬ್ರವರಿ 6ರಂದು, ನಮ್ಮ ಬೆಂಗಳೂರಿನಲ್ಲೇ, ಇಂಡಿಯಾ ಎನರ್ಜಿ ವೀಕ್ ಕಾರ್ಯಕ್ರಮದಲ್ಲಿ. ಈಗ ಬಂಕ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಪದ್ಮಿನಿ, ಓಮ್ನಿಗಳನ್ನು ಮಾಡಿದವರು ಈ ಇಂಧನವನ್ನು ಕನಸಲ್ಲೂ ಕಂಡಿರಲಿಲ್ಲ.

ಎಥನಾಲ್ ಮೂರು ರೀತಿಯಲ್ಲಿ ತೊಂದರೆ ಕೊಡುತ್ತದೆ. ಹಳೇ ಕಾಲದ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಪೈಪ್, ಡಯಾಫ್ರಂ, ಓ-ರಿಂಗ್ ಮೊದಲು ಹೋಗುತ್ತವೆ. ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನ ತೊಟ್ಟಿಯಲ್ಲಿ ಬಿಳಿ ಪುಡಿಯಂಥ ತುಕ್ಕು ಹಿಡಿಯುತ್ತದೆ. ಮೂರನೆಯದು ಮಿಶ್ರಣದ್ದು. ಎಥನಾಲ್ ಉರಿಯಲು ಕಡಿಮೆ ಗಾಳಿ ಸಾಕು. ಹಾಗಾಗಿ ಹಳೆಯ ಜೆಟ್‌ನಲ್ಲಿ ಇ20 ಹರಿದರೆ ಮಿಶ್ರಣ ಸುಮಾರು ಶೇ. 7ರಷ್ಟು ಲೀನ್ ಆಗುತ್ತದೆ. ಹಳೆ ಕಾಲದ ಪೆಟ್ರೋಲಿಗೆ ತಯಾರಾಗಿ ಶೇ. 10 ಎಥನಾಲ್‌ಗೆ ಹೊಂದಿಸಿದ ಕಾರುಗಳಲ್ಲಿ ಮೈಲೇಜ್ ಶೇ. 6-7 ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು.

ಈಗ ಎರಡನ್ನೂ ಕೂಡಿಸಿ ನೋಡಿ. ಬೆಂಗಳೂರಿನ ಎತ್ತರ ಮಿಶ್ರಣವನ್ನು ರಿಚ್ ಮಾಡುತ್ತದೆ, ಎಥನಾಲ್ ಲೀನ್ ಮಾಡುತ್ತದೆ. ಇಲ್ಲಿ ಒಂದಕ್ಕೊಂದು ಸ್ವಲ್ಪ ಸರಿಹೋಗುತ್ತದೆ. ಊರಿಗಿಳಿದರೆ ಎತ್ತರದ ಸಹಾಯ ಇಲ್ಲ, ಲೀನ್ ಮಾತ್ರ ಉಳಿಯುತ್ತದೆ. ಜೊತೆಗೆ ಸ್ಪಿಂಡಲ್‌ನ ಕಳ್ಳಗಾಳಿ ಸೇರಿದರೆ ಗಾಡಿ ನಿಲ್ಲದೆ ಇನ್ನೇನು? ಬುಷ್ ಹಾಕಿಸಿ ಕಳ್ಳಗಾಳಿ ನಿಲ್ಲಿಸಿದ ಮೇಲಷ್ಟೇ, ಒಂದು ನಂಬರ್ ದೊಡ್ಡ ಜೆಟ್ ಬೇಕೇ ಎಂದು ಅನುಭವಿಗಳ ಹತ್ತಿರ ಕೇಳಬಹುದು. ಮೊದಲೇ ಜೆಟ್ ಬದಲಿಸಿದರೆ ಕಾಯಿಲೆ ಮುಚ್ಚಿಟ್ಟಂತೆ.

ಕಿಟ್ ತೆಗೆಯುವಾಗ ಎಥನಾಲ್ ತಡೆಯುವ ರಬ್ಬರಿನದ್ದೇ ಕೇಳಿ. ಟ್ಯಾಂಕ್‌ನಿಂದ ಇಂಜಿನ್‌ವರೆಗಿನ ಪೆಟ್ರೋಲ್ ಪೈಪುಗಳನ್ನೂ ಅದೇ ಸಲ ಬದಲಿಸಿ. ಬಿಸಿ ಇಂಜಿನ್ ಮೇಲೆ ಒಡೆದ ಪೈಪಿನಿಂದ ಪೆಟ್ರೋಲ್ ಸೋರಿದರೆ ಬೆಂಕಿಗೆ ಆಹ್ವಾನ ಕೊಟ್ಟಂತೆ. ಕಾರನ್ನು ತಿಂಗಳಿಗಿಂತ ಹೆಚ್ಚು ನಿಲ್ಲಿಸುವುದಾದರೆ ಫ್ಲೋಟ್ ತೊಟ್ಟಿ ಖಾಲಿ ಮಾಡಿಸಿ.

ಇಟ್ಟುಕೊಳ್ಳಬೇಕೇ, ಕೊಡಬೇಕೇ?

ಖಾಸಗಿ ಕಾರಿಗೆ 15 ವರ್ಷ ದಾಟಿದರೆ ಆರ್‌ಟಿಒದಲ್ಲಿ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಬೇಕು. ಆಮೇಲೆ ಪ್ರತಿ ಐದು ವರ್ಷಕ್ಕೊಮ್ಮೆ. ಪೂರ್ವ ಬೆಂಗಳೂರಿನವರು ಇದಕ್ಕೆ ತಮ್ಮ ವಿಳಾಸದಂತೆ ಕೆಎ-03 ಅಥವಾ ಕೆ.ಆರ್. ಪುರದ ಕೆಎ-53 ಕಚೇರಿಗೆ ಹೋಗುತ್ತಾರೆ. 2025ರ ಆಗಸ್ಟ್‌ನ ಕೇಂದ್ರ ಅಧಿಸೂಚನೆಯಂತೆ 20 ವರ್ಷ ದಾಟಿದ ಕಾರಿಗೆ ನವೀಕರಣ ಶುಲ್ಕವೇ 10,000 ರೂಪಾಯಿ. ಇದರ ಮೇಲೆ ಆರು ತಿಂಗಳಿಗೊಮ್ಮೆ ಹೊಗೆ ಪರೀಕ್ಷೆ. ಬಿಎಸ್-2ಕ್ಕಿಂತ ಹಳೆಯ ಪೆಟ್ರೋಲ್ ಕಾರಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 3 ಮೀರಬಾರದು. ಹೊಸದಾಗಿ ಬುಷ್ ಹಾಕಿ ಸರಿಯಾಗಿ ಹೊಂದಿಸಿದ ಕಾರ್ಬೊರೇಟರ್ ಈ ಮಿತಿಯೊಳಗೆ ನಿಲ್ಲುತ್ತದೆ. ಉಕ್ಕುವ ನೀಡಲ್, ಸುಮ್ಮನೆ ಹೆಚ್ಚಿಸಿದ ಮಿಕ್ಸ್ಚರ್ ಸ್ಕ್ರೂ ಇದ್ದರೆ ನಿಲ್ಲುವುದಿಲ್ಲ. ಆ ಹೊಗೆ ನಮ್ಮದೇ ಮಕ್ಕಳ ಮೂಗಿಗೆ ಹೋಗುವುದು ಎನ್ನುವುದನ್ನೂ ಮರೆಯಬಾರದು.

ಹಾಗಾಗಿ ಲೆಕ್ಕ ಹಾಕಿ ನೋಡಿ. ತಳ ತುಕ್ಕು ಹಿಡಿದು ಬಾಡಿಯೇ ಹೋಗಿದ್ದರೆ, ಇಂಜಿನ್ ಎಣ್ಣೆ ಸುಡುತ್ತಿದ್ದರೆ, ಎಷ್ಟು ಪ್ರೀತಿ ಇದ್ದರೂ ಕೊಟ್ಟುಬಿಡುವುದೇ ಸರಿ. ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಟ್ಟು ಸರ್ಟಿಫಿಕೇಟ್ ತೆಗೆದುಕೊಳ್ಳಿ, ಇಲ್ಲದಿದ್ದರೆ ನಾಳೆ ಆ ನಂಬರಿನ ಜವಾಬ್ದಾರಿ ನಿಮ್ಮ ಹೆಸರಲ್ಲೇ ಉಳಿಯುತ್ತದೆ. ಬಾಡಿ ಗಟ್ಟಿ ಇದ್ದು ಇಂಜಿನ್ ಸರಿ ಇದ್ದರೆ, ಒಂದು ಸವೆದ ತೂತಿನ ಕಾರಣಕ್ಕೆ ಮನೆಯವರೆಲ್ಲ ಇಷ್ಟಪಡುವ ಗಾಡಿಯನ್ನು ತೂಕಕ್ಕೆ ಹಾಕಬೇಡಿ.

ಕೈಕೆಲಸ ಉಳಿಯುವುದು ಹೇಗೆ?

ಕಾರುಗಳಲ್ಲಿ ಕಾರ್ಬೊರೇಟರ್ ಈ ಶತಮಾನದ ಮೊದಲ ವರ್ಷಗಳಲ್ಲೇ ನಿಂತುಹೋಯಿತು. ಆದರೆ ಬೈಕು, ಸ್ಕೂಟರುಗಳಲ್ಲಿ 2020ರ ಏಪ್ರಿಲ್ 1ರಂದು ಬಿಎಸ್-6 ನಿಯಮ ಬರುವವರೆಗೂ ಇತ್ತು. ಎಂದರೆ ಇವತ್ತು ನಮ್ಮ ಬೀದಿಗಳಲ್ಲಿ ಓಡುವ ಲಕ್ಷಗಟ್ಟಲೆ ದ್ವಿಚಕ್ರ ವಾಹನಗಳ ಹೊಟ್ಟೆಯಲ್ಲಿ ಇನ್ನೂ ಅದೇ ಫ್ಲೋಟ್, ಅದೇ ಜೆಟ್. ಅವುಗಳಿಗೂ ಇ20 ಅದೇ ಪೆಟ್ಟು ಕೊಡುತ್ತಿದೆ. ಈ ವಿದ್ಯೆ ಗೊತ್ತಿದ್ದವರಿಗೆ ಇನ್ನೂ ಹಲವು ವರ್ಷ ಕೆಲಸ ಉಂಟು.

ಆದರೆ ಕಲಿಯುವವರು ಯಾರು? ಹಿಂದೆ ಹತ್ತು ಹನ್ನೆರಡು ವರ್ಷದ ಹುಡುಗರು ಶಾಲೆ ಬಿಟ್ಟು ಉಸ್ತಾದರ ಕೈಕೆಳಗೆ ಸೇರುತ್ತಿದ್ದರು. ಅದು ಕಾನೂನಿಗೂ ವಿರುದ್ಧ, ಆ ಮಕ್ಕಳ ಬಾಳಿಗೂ ಅನ್ಯಾಯ. ಆ ದಾರಿ ಮುಚ್ಚಿದ್ದು ಒಳ್ಳೆಯದೇ ಆಯಿತು. ಆದರೆ ಅದರ ಬದಲು ಬೇರೆ ದಾರಿ ತೆರೆಯಬೇಕಲ್ಲ? ಎಸೆಸೆಲ್ಸಿ ಮುಗಿಸಿದವರಿಗೆ ಐಟಿಐಯಲ್ಲಿ ಎರಡು ವರ್ಷದ ಮೋಟಾರ್ ಮೆಕ್ಯಾನಿಕ್ ಕೋರ್ಸ್ ಇದೆ. ಅಲ್ಲಿ ಸೆನ್ಸರ್, ಸ್ಕ್ಯಾನರ್ ಕಲಿಯುತ್ತಾರೆ. ಬೆರಳಿನ ತುದಿಯಲ್ಲಿ ಸ್ಪಿಂಡಲ್‌ನ ಆಟ ಗುರುತಿಸುವುದು, ಪ್ಲಗ್‌ನ ಬಣ್ಣ ಓದುವುದು ಮಾತ್ರ ಇಂದಿಗೂ ಉಸ್ತಾದರ ಪಕ್ಕದಲ್ಲೇ ಸಿಗುವಂಥದ್ದು. ಐಟಿಐ ಓದುತ್ತಿರುವ ಹುಡುಗರು ರಜೆಯ ಎರಡು ತಿಂಗಳು ಅಂಥ ಒಬ್ಬರ ಹತ್ತಿರ ಕೂತರೆ ಎರಡೂ ಕಾಲದ ವಿದ್ಯೆ ಒಂದೇ ಕೈಗೆ ಬರುತ್ತದೆ. ನಮ್ಮ ಸಂಘಟನೆಗಳು ವಿದ್ಯಾರ್ಥಿವೇತನ ಕೊಡುವಾಗ ಇಂಥ ಹುಡುಗರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಡಾಕ್ಟರ್, ಇಂಜಿನಿಯರ್ ಆಗುವವರಿಗೆ ಮಾತ್ರ ಸನ್ಮಾನ ಎಂದಾಗಬಾರದು.

ಲೇತ್ ಅಂಗಡಿಯಲ್ಲಿ ಎರಡು ಬುಷ್‌ಗೆ ಕೇಳುವ ಮಜೂರಿಯಲ್ಲಿ ಚೌಕಾಶಿ ಮಾಡುವಾಗಲೂ ಇದು ನೆನಪಿರಲಿ. ನಾವು ಕೊಡುವ ದುಡ್ಡು ಹಿತ್ತಾಳೆಯ ತುಂಡಿಗಲ್ಲ, ಅದನ್ನು ನೇರಕ್ಕೆ ಕೂರಿಸಲು ಗೊತ್ತಿರುವ ಕೈಗೆ. ಮುಂದಿನ ಭಾನುವಾರ ಬಿಡುವಿದ್ದರೆ ಬಾನೆಟ್ ತೆರೆಯಿರಿ, ಸ್ಪಿಂಡಲ್ ಅಲ್ಲಾಡಿಸಿ ನೋಡಿ. ಆಟ ಸಿಕ್ಕಿದರೆ ಗಾಬರಿ ಬೇಡ. ಮೆಕ್ಯಾನಿಕ್‌ಗೆ "ಕಾರ್ಬೊರೇಟರ್ ಬದಲಿಸಿ" ಎನ್ನುವ ಬದಲು "ಬುಷ್ ಹಾಕಿಸಿ ಕೊಡಿ" ಎಂದು ಹೇಳಿ.